ಸೊಪ್ಪು ಎಂದು ಕೂಗಿದ ಗಾರೆಯವನು

"ಗುರುಗಳೇ, ಒಬ್ಬ ಮನುಷ್ಯ ಬೆಳಿಗ್ಗೆ ಹುಷಾರು ಅನ್ನುತ್ತಾನೆ, ಮಧ್ಯಾಹ್ನ ಕೈಲಾಗುವುದಿಲ್ಲ ಅನ್ನುತ್ತಾನೆ. ಇವೆರಡರಲ್ಲಿ ಸುಳ್ಳು ಯಾವುದು?"

ಕೇಳಿದವನು ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಕೋಪ ಅವನ ಮೂಗಿನ ತುದಿಗೆ ಬಂದಿತ್ತು. ಪಂಚೆಯ ತುಂಬ ಅನ್ನದ ಅಗುಳು ಅಂಟಿತ್ತು.

ಯಾರ ಮಾತು ಎಂದು ಗುರುಗಳು ಕೇಳಬೇಕಾಗಿರಲಿಲ್ಲ. ಅಡುಗೆಮನೆಯ ಓಬಯ್ಯನ ಮಾತು. ಎರಡು ವರ್ಷದ ಹಿಂದೆ ಸೌದೆ ಗಾಡಿ ಮಗುಚಿದಾಗ ಓಬಯ್ಯ ಅದರಡಿ ಸಿಕ್ಕಿಕೊಂಡಿದ್ದ. ಬದುಕಿದ್ದೇ ಹೆಚ್ಚು ಎಂದು ಎಲ್ಲರೂ ಅಂದರು. ಗಾಯ ಮಾಯಿತು, ಮೂಳೆ ಕೂಡಿತು, ಅವನು ಮತ್ತೆ ಒಲೆಯ ಮುಂದೆ ನಿಂತ. ಈ ದಿನ ಮಧ್ಯಾಹ್ನ ಅನ್ನದ ಕೊಪ್ಪರಿಗೆ ಇಳಿಸುವಾಗ ಅವನ ಬಲಗೈ ಬಿಟ್ಟುಹೋಯಿತು. ಕೊಪ್ಪರಿಗೆ ಉರುಳಿತು. ಯಾರ ಮೈಯೂ ಸುಡಲಿಲ್ಲ, ಅದೊಂದೇ ಪುಣ್ಯ. ಪಂಕ್ತಿಯಲ್ಲಿ ಕುಳಿತವರು ಎರಡನೆಯ ಸಲ ಅನ್ನ ಬೇಯುವ ತನಕ ಬರೀ ಎಲೆ ನೋಡುತ್ತ ಕುಳಿತರು.

"ಉಗ್ರಾಣಕ್ಕೆ ಹೋಗುತ್ತ ದಿನಾ ಕೇಳುತ್ತೇನೆ, ಹುಷಾರಾ ಓಬಯ್ಯ ಅಂತ. ದಿನಾ ಹುಷಾರು ಅನ್ನುತ್ತಾನೆ. ಈಗ ನೋಡಿದರೆ, ಕೈ ಕೈಯಲ್ಲೇ ಇಲ್ಲ ಅನ್ನುತ್ತಾನೆ. ಎರಡು ವರ್ಷವಾಯಿತು ಗುರುಗಳೇ! ಮೈಮೇಲೆ ಒಂದು ಕಲೆಯೂ ಸರಿಯಾಗಿ ಕಾಣುವುದಿಲ್ಲ. ಇವನನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ಹೇಳಿಬಿಡಿ."

ಗುರುಗಳು ಕುಳಿತುಕೊಳ್ಳಲು ಹೇಳಿದರು. ಶಿಷ್ಯ ನಿಂತೇ ಇದ್ದ. ಅವರು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಗಾರೆಯವನಿದ್ದ. ಗೋಡೆ ಕಟ್ಟುವುದು ಅವನ ಕೆಲಸ. ಗಾರೆ ಕಲಸಿ ಹೊತ್ತು ಕೊಡುವುದು ಅವನ ಹೆಂಡತಿಯ ಕೆಲಸ. ಒಂದು ದಿನ ಅವನು ಸಾರುವೆಯ ಮೇಲಿಂದ ಬಿದ್ದ. ಎತ್ತರದ ಗೋಡೆಗೆ ನಿಂತು ಕೆಲಸ ಮಾಡಲು ಬಿದಿರು ಕಟ್ಟಿ ಹಲಗೆ ಹಾಸಿಕೊಳ್ಳುತ್ತಾರಲ್ಲ, ಅದೇ ಸಾರುವೆ. ಹಗ್ಗ ಸವೆದಿತ್ತು. ಕೆಳಗೆ ಹತ್ತು ಜನ ಇದ್ದರು. ಇಬ್ಬರು ಆ ಹಗ್ಗವನ್ನು ನೋಡಿಯೂ ಇದ್ದರು. ಹುಷಾರು ಎಂದು ಒಬ್ಬರೂ ಕೂಗಲಿಲ್ಲ.

ಬಿದ್ದ ಮೇಲೆ ಮಾತ್ರ ಊರಿಗೆ ಊರೇ ಹುಷಾರಾ, ಹುಷಾರಾ ಎಂದು ಕೇಳತೊಡಗಿತು.

ಮೂಳೆ ಕಟ್ಟುವವನು ನಾಲ್ಕು ತಿಂಗಳು ಬಂದುಹೋದ. ಕೊನೆಯ ದಿನ ಕಟ್ಟು ಬಿಚ್ಚಿ, ಕಾಲನ್ನು ತಟ್ಟಿ ನೋಡಿ, ನನ್ನ ಕೆಲಸ ಮುಗಿಯಿತು ಎಂದು ಹೊರಟುಹೋದ. ಅವನ ಕೆಲಸ ಮುಗಿದಿತ್ತು, ನಿಜ. ಗಾರೆಯವನ ಪಾಡು ಅಲ್ಲಿಂದ ಶುರುವಾಯಿತು. ಎಡಪಾದಕ್ಕೆ ನೆಲ ತಿಳಿಯುತ್ತಿರಲಿಲ್ಲ. ಬಗ್ಗಿ ನೋಡಿದರಷ್ಟೇ ಅದು ಎಲ್ಲಿದೆ ಎಂದು ಗೊತ್ತಾಗುತ್ತಿತ್ತು. ಬಗ್ಗಿದರೆ ಮನೆಯೇ ಗಿರ್ರನೆ ತಿರುಗುತ್ತಿತ್ತು. ಸೊಂಟದಿಂದ ಬೆರಳ ತನಕ ಇರುವೆ ಹರಿದಂತಾಗುತ್ತಿತ್ತು, ಹೊತ್ತೇರಿದರೆ ಅದೇ ಜಾಗಕ್ಕೆ ಖಾರ ಅರೆದು ಹಚ್ಚಿದಂತಾಗುತ್ತಿತ್ತು. ಮುಟ್ಟಿದರೆ ಚರ್ಮ ತಣ್ಣಗೇ ಇರುತ್ತಿತ್ತು.

ಇನ್ನೊಂದು ಪೀಡೆಯಿತ್ತು. ಮಾತು ತಪ್ಪುತ್ತಿತ್ತು. ಸುಣ್ಣ ಕೊಡು ಅನ್ನಲು ಹೋಗಿ ಸೊಪ್ಪು ಕೊಡು ಅನ್ನುತ್ತಿದ್ದ. ಗಾರೆ ಮೆತ್ತುವ ಕರಣೆಯನ್ನು ಕೇಳಲು ಹೋದರೂ ಸೊಪ್ಪು, ನೀರು ಅನ್ನಲು ಹೋದರೂ ಸೊಪ್ಪು. ಮೊದಮೊದಲು ಹೆಂಡತಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಗಮನಿಸಿದಳು. ಅವನ ಬಾಯಿಂದ ಸೊಪ್ಪು ಬಂತೆಂದರೆ ಮರುಕ್ಷಣ ತಲೆ ತಿರುಗುತ್ತದೆ, ಕೈಯಲ್ಲಿದ್ದದ್ದು ಬೀಳುತ್ತದೆ. ಅಂದಿನಿಂದ ಆ ಮಾತು ಕಿವಿಗೆ ಬಿದ್ದ ಕೂಡಲೇ ಅವಳು ಎದ್ದು ಬಂದು ಅವನ ರಟ್ಟೆ ಹಿಡಿಯುತ್ತಿದ್ದಳು.

ನಡುನಡುವೆ ಒಂದೊಂದು ದಿನ ಏನೂ ಆಗುತ್ತಿರಲಿಲ್ಲ. ಅವನಿಗೆ ದೊಡ್ಡ ತಲೆನೋವೆಂದರೆ ಆ ಒಳ್ಳೆಯ ದಿನಗಳೇ. ಕೆಟ್ಟ ದಿನ ಅವನು ಮನೆಯೊಳಗೆ ಬಿದ್ದಿರುತ್ತಿದ್ದ. ಒಳ್ಳೆಯ ದಿನ ಹೊರಗೆ ಬರುತ್ತಿದ್ದ. ಊರಿನವರು ನೋಡುತ್ತಿದ್ದದ್ದು ಹೊರಗೆ ಬಂದವನನ್ನು.

ಜಗುಲಿಯ ಮೇಲೆ ಕುಳಿತರೆ ಸಾಕು, ಹೋಗುವವರೆಲ್ಲ ಕೇಳುತ್ತಿದ್ದರು. ಗಾಣದವನು ಕೇಳಿದ, ಹೂವಿನವಳು ಕೇಳಿದಳು, ದನ ಹೊಡೆದುಕೊಂಡು ಹೋಗುವವನು ದನವನ್ನೂ ನಿಲ್ಲಿಸದೆ ಕೇಳಿದ. ಗಾರೆಯವನು ಪಾಪ, ಕೇಳಿದ್ದಕ್ಕೆ ಉತ್ತರ ಕೊಡಬೇಕು ಎಂದುಕೊಂಡವನು. "ಮೂಳೆ ಕೂಡಿದೆ, ಆದರೆ" ಎಂದು ಶುರುಮಾಡುತ್ತಿದ್ದ. ‘ಆದರೆ’ ಅನ್ನುವಷ್ಟರಲ್ಲಿ ಕೇಳಿದವರು ಬೀದಿಯ ತಿರುವು ದಾಟಿರುತ್ತಿದ್ದರು. ಉಳಿದದ್ದನ್ನು ಅವನು ಅವರ ಬೆನ್ನಿಗೆ ಹೇಳಬೇಕಾಗುತ್ತಿತ್ತು.

ನಿಲ್ಲುವವರೂ ಕೆಲವರಿದ್ದರು. ಅವರು ನಿಲ್ಲುತ್ತಿದ್ದದ್ದು ಹೇಳುವುದಕ್ಕೆ, ಕೇಳುವುದಕ್ಕಲ್ಲ. ಒಬ್ಬ ಹರಳೆಣ್ಣೆ ಹಚ್ಚು ಅಂದ, ಇನ್ನೊಬ್ಬ ಹರಳೆಣ್ಣೆ ಮುಟ್ಟಲೇಬೇಡ ಅಂದ. ತಾಯತ ಕಟ್ಟಿಸಿಕೋ ಅಂದಳು ಒಬ್ಬಳು. ನಮ್ಮ ಮಾವ ಇದಕ್ಕಿಂತ ಎತ್ತರದಿಂದ ಬಿದ್ದು ಮೂರನೇ ದಿನಕ್ಕೆ ನೇಗಿಲು ಹಿಡಿದ ಅಂದ ಮತ್ತೊಬ್ಬ. ಆ ಮಾವನ ಕತೆಯನ್ನು ಹನ್ನೊಂದನೆಯ ಸಲ ಕೇಳಿದ ದಿನ ಗಾರೆಯವನಿಗೆ ಕಾಲಿಗಿಂತ ಕಿವಿಯೇ ಹೆಚ್ಚು ನೋಯಿತು. ಅವನಿಗೆ ಸಾಕುಸಾಕಾಯಿತು.

ಉತ್ತರ ದಿನದಿಂದ ದಿನಕ್ಕೆ ಮೊಟಕಾಯಿತು. ಮೊದಲು ಮೂಳೆ ಕೂಡಿದೆ, ಆದರೆ ಎಂದಿತ್ತು. ಆಮೇಲೆ ಪರವಾಗಿಲ್ಲ ಎಂದಾಯಿತು. ಕೊನೆಗೆ ಒಂದು ದಿನ ಹೂವಿನವಳು ಕೇಳಿದಾಗ ಅವನು ಹುಷಾರು ಎಂದುಬಿಟ್ಟ. ಅವಳ ಮುಖ ಅರಳಿತು. ಸಂಜೆಯೊಳಗೆ ಊರೆಲ್ಲ ಸುದ್ದಿಯಾಯಿತು. ಹೀಗೆ ಊರಿಗೆ ವಾಸಿಯಾಯಿತು. ಅವನಿಗೆ ಮಾತ್ರ ಆಗಲಿಲ್ಲ.

ಸುದ್ದಿ ಒಬ್ಬ ಸಾಹುಕಾರನ ಕಿವಿಗೂ ಬಿತ್ತು. ಅವನು ಮನೆಯ ಮೇಲೆ ಮಹಡಿ ಎಬ್ಬಿಸುತ್ತಿದ್ದ, ಗೋಡೆ ಅರ್ಧಕ್ಕೆ ನಿಂತಿತ್ತು. ಅವನ ಗಾಡಿ ಜಗುಲಿಯ ಮುಂದೆ ಬಂದಾಗ ಎತ್ತುಗಳ ನಡಿಗೆ ಕೊಂಚ ನಿಧಾನವಾಯಿತು, ಅಷ್ಟೆ. ಹುಷಾರಾ ಎಂದು ಸಾಹುಕಾರ ಗಾಡಿಯೊಳಗಿಂದಲೇ ಕೇಳಿದ. ಹುಷಾರು ಎಂದು ಗಾರೆಯವನು ರೂಢಿಯಂತೆ ಹೇಳಿದ. ಹಾಗಾದರೆ ನಾಳೆಯಿಂದ ಬಾ ಎಂಬ ಮಾತು ಕೇಳಿಸುವ ಹೊತ್ತಿಗೆ ಗಾಡಿ ಮುಂದೆ ಹೋಗಿತ್ತು.

ಒಳಗಿಂದ ಹೆಂಡತಿ ಬಂದಳು. "ಅಲ್ಲಾ, ಹುಷಾರು ಅಂತ ಯಾಕೆ ಹೇಳಿದ್ರಿ? ನೆನ್ನೆ ತಾನೇ ಹೊಸಿಲು ದಾಟೋಕೆ ಗೋಡೆ ಹಿಡ್ಕೊಂಡ್ರಿ!"

"ಇನ್ನೇನು ಹೇಳ್ಲಿ? ಇಲ್ಲ ಅಂದ್ರೆ ಎಣ್ಣೆ ಹೇಳ್ತಾರೆ. ಹೌದು ಅಂದ್ರೆ ಹೊರಟು ಹೋಗ್ತಾರೆ. ಹೋದ್ರೆ ಸಾಕಾಗಿದೆ ನಂಗೆ."

ಅವನು ಹೋಗದೆ ಇರಬಹುದಿತ್ತು. ಆದರೆ ಹುಷಾರು ಎಂದವನು ಮರುದಿನ ಇಲ್ಲ ಎಂದರೆ ಊರು ಅವನನ್ನು ಸುಳ್ಳ ಅನ್ನುತ್ತಿತ್ತು. ಅದರ ಜೊತೆಗೆ ಇನ್ನೊಂದು ವಿಷಯವಿತ್ತು, ಅದನ್ನು ಅವನು ಹೆಂಡತಿಗೂ ಹೇಳಲಿಲ್ಲ. ಅವನಿಗೆ ಆಸೆಯಾಗಿತ್ತು. ಎತ್ತರದಲ್ಲಿ ನಿಂತು ಒಂದು ವರಸೆ ಇಟ್ಟಿಗೆ ಕೂರಿಸಿ, ದಾರಕ್ಕೆ ಕಟ್ಟಿದ ಗುಂಡನ್ನು ಇಳಿಬಿಟ್ಟು, ಗೋಡೆ ಸರಿಯಾಗಿದೆ ಎಂದು ನೋಡುವ ಸುಖ ಅವನಿಗೆ ಬೇಕಾಗಿತ್ತು. ಜಗುಲಿ ಅವನಿಗೆ ಬೇಸರ ತಂದಿತ್ತು.

ಮರುದಿನ ಬೆಳಿಗ್ಗೆ ಒಳ್ಳೆಯ ದಿನದಂತೆಯೇ ಇತ್ತು. ಅವನು ಸಾರುವೆ ಹತ್ತಿದ. ಐದು ವರಸೆ ಕಟ್ಟಿದ. ಕೆಳಗೆ ಹೆಂಡತಿ ಗಾರೆಯ ಬಾಂಡ್ಲಿ ತುಂಬುತ್ತಿದ್ದಳು, ಕಣ್ಣು ಮಾತ್ರ ಮೇಲೇ ಇತ್ತು. ಹೊತ್ತೇರಿತು. ಸಾಹುಕಾರ ಗೋಡೆ ನೋಡಲು ಬಂದ. ಸಾರುವೆಯ ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಅಂಗಳದ ಆಳುಗಳಿಗೆ ಅದು ಹೀಗಲ್ಲ ಹಾಗೆ ಎಂದು ಹೇಳತೊಡಗಿದ.

ಆಗ ಎಡಪಾದಕ್ಕೆ ಹಲಗೆ ತಿಳಿಯದೆ ಹೋಯಿತು. ಅದು ಎಲ್ಲಿದೆ ಎಂದು ನೋಡಲು ಗಾರೆಯವನು ಬಗ್ಗಿದ. ಗೋಡೆ, ಹಲಗೆ, ಅಂಗಳ ಎಲ್ಲ ತಿರುಗಿದವು. ಅವನು ಎರಡೂ ತೋಳಲ್ಲಿ ಬಿದಿರನ್ನು ತಬ್ಬಿಕೊಂಡ. ಕೈಯಲ್ಲಿದ್ದ ಇಟ್ಟಿಗೆ ಹಲಗೆಯ ಮೇಲೆ ಬಿದ್ದು ಅಂಚಿನ ಕಡೆ ಜಾರಿತು. ಕೆಳಗೆ ಸಾಹುಕಾರನ ತಲೆಯಿತ್ತು.

ಹುಷಾರು ಎಂದು ಕೂಗಬೇಕಾಗಿತ್ತು. ಬೇಡದಾಗ ನೂರು ಸಲ ಬಂದ ಮಾತು ಅದು. ಬೇಕಾದಾಗ ಬರಲಿಲ್ಲ.

"ಸೊಪ್ಪು!" ಎಂದು ಗಾರೆಯವನು ಗಂಟಲು ಹರಿಯುವಂತೆ ಕೂಗಿದ.

ಆಳುಗಳು ಸೊಪ್ಪಿನವಳು ಬಂದಳೇನೋ ಎಂದು ಬೀದಿಯ ಕಡೆ ತಿರುಗಿದರು. ಸಾಹುಕಾರನೂ ತಿರುಗಿ ನೋಡಿದ, ನಿಂತಲ್ಲಿಂದ ಕದಲಲಿಲ್ಲ. ಹೆಂಡತಿ ಒಬ್ಬಳೇ ಬಾಂಡ್ಲಿ ಎಸೆದು ಓಡಿದಳು. ಎರಡೂ ಕೈಯಿಂದ ಸಾಹುಕಾರನನ್ನು ನೂಕಿದಳು. ಅವನು ಮರಳಿನ ರಾಶಿಯ ಮೇಲೆ ಅಂಗಾತ ಬಿದ್ದ. ಅವನು ನಿಂತಿದ್ದ ಜಾಗದಲ್ಲಿ ಇಟ್ಟಿಗೆ ಬಿದ್ದು ಎರಡು ಹೋಳಾಯಿತು.

ಆಳುಗಳು ಹತ್ತಿ ಗಾರೆಯವನನ್ನು ಇಳಿಸಿದರು. ಸಾಹುಕಾರ ಏಳಲು ನೋಡಿದ, ಮರಳು ಜಾರಿ ಮತ್ತೆ ಕುಳಿತ.

"ಹುಷಾರು ಅಂದ್ಯಲ್ಲೋ!" ಎಂದು ಅಲ್ಲಿಂದಲೇ ಕಿರುಚಿದ.

"ಅಂದೆ ಸಾಹುಕಾರ್ರೇ. ನಿಮ್ಮ ಗಾಡಿ ನಿಂತಿದ್ದಿದ್ರೆ, ‘ಆದರೆ’ ಅಂತಾನೂ ಅಂತಿದ್ದೆ."

ಸಾಹುಕಾರನಿಗೆ ಎದ್ದು ಹೋಗುವ ಶಕ್ತಿ ಇರಲಿಲ್ಲ. ಬೇರೆ ದಾರಿಯಿಲ್ಲದೆ, ‘ಆದರೆ ಏನು?’ ಎಂದು ಕೇಳಿದ. ಗಾರೆಯವನು ಅವನ ಪಕ್ಕ ಮರಳಿನ ಮೇಲೆ ಕುಳಿತು ಹೇಳಿದ. ಪಾದದ ಮಾತು, ಇರುವೆಯ ಮಾತು, ಖಾರದ ಮಾತು, ಸೊಪ್ಪಿನ ಮಾತು, ಒಳ್ಳೆಯ ದಿನಗಳ ಮಾತು, ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಅವನಿಗೆ ಅಳು ಬಂತು, ಆಮೇಲೆ ಸಿಟ್ಟು ಬಂತು, ಸಾಹುಕಾರನನ್ನೇ ನಾಲ್ಕು ಮಾತು ಬೈದ. ಅಷ್ಟೂ ಮುಗಿಯುವ ಹೊತ್ತಿಗೆ ಚೆಲ್ಲಿದ ಗಾರೆ ನೆಲದ ಮೇಲೆ ಗಟ್ಟಿಯಾಗಿತ್ತು. ಸಾಹುಕಾರ ಎಣ್ಣೆಯ ಮಾತೆತ್ತಲಿಲ್ಲ. ತನ್ನ ಮಾವನ ಕತೆ ಹೇಳಲಿಲ್ಲ. ಎಷ್ಟು ಹೊತ್ತು, ಯಾವ ಕೆಲಸ ಆಗುತ್ತದೆ ಎಂದು ಕೇಳಿದ. ಬೆಳಗಿನ ಹೊತ್ತು, ನೆಲದ ಮೇಲಿನ ಗೋಡೆ ಎಂದು ಗಾರೆಯವನು ಹೇಳಿದ. ಹಾಗೇ ಆಯಿತು.

ಗುರುಗಳು ಇಲ್ಲಿ ನಿಲ್ಲಿಸಿ ಶಿಷ್ಯನನ್ನು ನೋಡಿದರು. ಅವನು ಯಾವಾಗಲೋ ಕುಳಿತಿದ್ದ.

"ಕತೆ ಅಂದಮೇಲೆ ಕೊನೆಗೆ ಕಾಲು ವಾಸಿಯಾಗಬೇಕು ಎಂದು ಕಾಯುತ್ತಿದ್ದೀಯೇನೋ. ಆಗಲಿಲ್ಲ. ಇರುವೆ ಹರಿಯುವುದು ನಿಲ್ಲಲಿಲ್ಲ, ಖಾರವೂ ಆರಲಿಲ್ಲ. ಅವನು ಇದ್ದಷ್ಟು ದಿನ ಅವೂ ಇದ್ದವು. ಒಂದು ಮಾತ್ರ ಬದಲಾಯಿತು. ಆ ಊರಿನ ಸಾರುವೆಗಳ ಮೇಲೆ ಇಟ್ಟಿಗೆ ಜಾರಿದರೆ ಇವತ್ತಿಗೂ ಸೊಪ್ಪು ಎಂದೇ ಕೂಗುತ್ತಾರಂತೆ, ಕೆಳಗಿದ್ದವರು ಹಾರಿ ಪಕ್ಕಕ್ಕೆ ಸರಿಯುತ್ತಾರಂತೆ. ಹುಷಾರು ಎನ್ನುವ ಮಾತನ್ನು ಅಲ್ಲಿ ಯಾರೂ ನಂಬುವುದಿಲ್ಲ."

ಶಿಷ್ಯನಿಗೆ ನಗು ಬಂತು. ಆದರೂ ಅವನು ಹಟ ಬಿಡಲಿಲ್ಲ.

"ಏನೇ ಅನ್ನಿ ಗುರುಗಳೇ, ಗಾರೆಯವನು ಹೇಳಿದ್ದು ಸುಳ್ಳೇ. ಓಬಯ್ಯ ಇವತ್ತು ಬೆಳಿಗ್ಗೆ ಹುಷಾರು ಅಂದದ್ದೂ ಸುಳ್ಳೇ. ನಾನು ಈ ಕಿವಿಯಾರೆ ಕೇಳಿದ್ದೇನೆ."

ಗುರುಗಳು ಅಂದರು, "ಓಬಯ್ಯ ‘ಆದರೆ’ ಅಂದಾಗ ನೀನು ಎಲ್ಲಿದ್ದೆ?"