ಒಂದೇ ಗೊತ್ತಿದ್ದ ಮಡಿಸುವ ಮೇಜು

ಒಂದಾನೊಂದು ಊರಿನಲ್ಲಿ ಸತ್ತವರು ಕೂಡಲೇ ಸಾಯುತ್ತಿರಲಿಲ್ಲ. ನಗಬೇಡಿ. ನಗು ಬಂದವರು ಬೆಂಕಿಗೆ ಎರಡು ಕಟ್ಟಿಗೆ ಹಾಕಿ, ಆಚೆ ಹೋಗಿ ನಕ್ಕು ಬನ್ನಿ. ನಾನು ಕಾಯುತ್ತೇನೆ.

ಆ ಊರಿನ ಕಟ್ಟಳೆ ಹೀಗಿತ್ತು. ಮಗು ಹುಟ್ಟಿದರೆ ಕೋವಿಯಿಂದ ಒಂದು ಗುಂಡು ಹಾರಿಸಬೇಕು. ಯಾರಾದರೂ ಸತ್ತರೆ ಎರಡು. ಒಂದು ಕೇಳಿಸುವ ತನಕ ಹುಟ್ಟಿದ್ದು ಹುಟ್ಟಿದಂತಲ್ಲ. ಎರಡು ಕೇಳಿಸುವ ತನಕ ಸತ್ತವರು ಸತ್ತಂತಲ್ಲ. ಅವರು ಜಗಲಿಯ ಮೇಲೆ ಕೂತು, ಇವತ್ತು ಏನು ಸಾರು ಎಂದು ಕೇಳುತ್ತಿದ್ದರು. ಗುಂಡು ಎಣಿಸುವ ಕೆಲಸ ದೊರೆಯದು. ಅವನಿಗೆ ಬೇರೆ ರಾಜ್ಯಭಾರ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಕೈ ಹಿಡಿದು ಉಪ್ಪರಿಗೆಯಲ್ಲಿ ಕೂತಿರುತ್ತಿದ್ದ.

ಊರಿಗೆಲ್ಲ ಇದ್ದದ್ದು ಒಂದು ಕೋವಿ, ಒಂದು ಹಿತ್ತಾಳೆಯ ತೋಟಾ. ಹಾರಿಸಿದ ಮೇಲೆ ಖಾಲಿ ತೋಟಾಕ್ಕೆ ಮತ್ತೆ ಮದ್ದು ತುಂಬಬೇಕು. ತುಂಬುವುದಕ್ಕೆ ಅರಮನೆಯ ಅಂಗಳದಲ್ಲಿ ಹಲಸಿನ ಮರದ ಒಂದು ಮೇಜು. ಎಂಟು ಆಳು ಸೇರಿದರೂ ಅದು ಅಲುಗುತ್ತಿರಲಿಲ್ಲ. ತುಂಬಿದ ತೋಟಾವನ್ನು ಬೇಕಾದ ಕಡೆಗೆ ಒಯ್ಯಬಾರದೇ ಎಂದು ಕೇಳುತ್ತೀರಿ. ಹಿಂದೊಮ್ಮೆ ಹಾಗೆ ಒಯ್ದಿದ್ದರು. ದಾರಿಯಲ್ಲಿ ಕೋವಿ ತಾನಾಗಿಯೇ ಹಾರಿ, ಪಕ್ಕದಲ್ಲಿ ಬಿದ್ದಿದ್ದ ಒರಳುಕಲ್ಲು ಹುಟ್ಟಿಬಿಟ್ಟಿತು. ಅದಕ್ಕೆ ಹೆಸರಿಟ್ಟರು. ಕಿವಿ ಚುಚ್ಚಿಸಿದರು. ಈಗಲೂ ಹಬ್ಬದ ದಿನ ಅದಕ್ಕೊಂದು ಎಲೆ ಹಾಕುತ್ತಾರೆ. ಅಂದಿನಿಂದ ತುಂಬಿದ ಜಾಗದಲ್ಲೇ ಹಾರಿಸಬೇಕು ಎಂದಾಯಿತು. ಹುಟ್ಟಿದವರನ್ನು ಅರಮನೆಗೆ ಎತ್ತಿಕೊಂಡು ಬರುತ್ತಿದ್ದರು. ಸತ್ತವರು ತಾವೇ ನಡೆದು ಬರುತ್ತಿದ್ದರು.

ಹೀಗಿರುವಾಗ ದಿನ್ನೆಯ ಮೇಲಿನ ಮನೆಯಲ್ಲಿ ಕಾಳಮ್ಮಜ್ಜಿ ಸತ್ತಳು. ಒಂದು ಮಂಗಳವಾರ ಅಕ್ಕಿ ಆರಿಸುತ್ತಿದ್ದವಳು ಸತ್ತಳು. ಸತ್ತು, ಉಳಿದ ಅಕ್ಕಿಯನ್ನೂ ಆರಿಸಿ ಮುಗಿಸಿದಳು. ಅವಳಿಗೆ ಒಬ್ಬನೇ ಮಗ, ಬಡಗಿ ಮೌನಾಚಾರಿ. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಮನೆಯಲ್ಲಿ ತಾಯಿ ಮಗ ಇಬ್ಬರೇ.

“ಮಗ, ನಾನು ಸತ್ತೆ ಕಣಪ್ಪ,” ಅಂದಳು.

“ಹೌದಾ ಅವ್ವ?”

“ಹೂಂ. ಉಸಿರಿಲ್ಲ ನೋಡು. ಆದ್ರೆ ಮಂಡಿನೋವು ಹಂಗೇ ಅದೆ. ಅರಮನೆಗಂಟ ನಡೆಯಕ್ಕಾಗಕಿಲ್ಲ.”

“ನಾನು ಎತ್ಕಂಡು ಹೋಗ್ಲಾ?”

“ಥೂ! ಎತ್ಕಂಡು ಹೋಗೋದು ಕೂಸನ್ನ, ಇಲ್ಲಾ ಹೆಣಾನ. ನಾನು ಎರಡೂ ಅಲ್ಲ. ಮದ್ದು ತುಂಬೋ ಮೇಜನ್ನೇ ಇಲ್ಲಿಗೆ ತತ್ತಾ. ನಿಮ್ಮಪ್ಪ ನಲವತ್ತು ವರ್ಷದಿಂದ ಆ ಕಡೆ ಕಾಯ್ತಾವ್ನೆ. ಅವನ ಎಲೆಅಡಿಕೆ ಚೀಲ ನನ್ನ ಸೊಂಟದಾಗೇ ಉಳಕಂಡದೆ. ಪಾಪ, ಬಾಯಿಗೆ ಒಂದು ಚೂರು ಅಡಿಕೆ ಇಲ್ಲ ಅವನಿಗೆ.”

ಹಲಸಿನ ಮೇಜು ಬರುವಂತಿರಲಿಲ್ಲ. ಹಾಗಾಗಿ ಮಡಿಸಿ ಕಂಕುಳಲ್ಲಿ ಇಟ್ಟುಕೊಳ್ಳುವಂಥ ಹೊಸ ಮೇಜನ್ನು ಮೌನಾಚಾರಿಯೇ ಮಾಡಬೇಕಾಯಿತು. ಮನೆಯಲ್ಲಿ ಒಣಗಿದ ಹಲಗೆ ಬೇರೆ ಇರಲಿಲ್ಲ. ಅಟ್ಟದ ಮೇಲಿದ್ದ ತನ್ನ ತೊಟ್ಟಿಲನ್ನೇ ಇಳಿಸಿ ಬಿಚ್ಚಿದ. ನಾಲ್ಕು ದಿನದ ಕೆಲಸ ಅದು. ಅವನು ನಾಲ್ಕು ತಿಂಗಳು ಮಾಡಿದ. ಉಜ್ಜಿದ್ದನ್ನೇ ಉಜ್ಜಿದ. ಅಳೆದದ್ದನ್ನೇ ಅಳೆದ. ತಾಯಿ ಪಕ್ಕದಲ್ಲೇ ಕೂತು ನೋಡುತ್ತಿದ್ದಳು.

“ಬಿಜಾಗರಿ ತಿರುಗಾಮುರುಗಾ ಆಗದೆ ಕಣೋ. ಕಾಲು ಒಳಕ್ಕೆ ಮಡಿಸ್ಬೇಕು, ಹೊರಕ್ಕಲ್ಲ.”

“ಓ, ಹೌದಲ್ಲ ಅವ್ವ,” ಅನ್ನುತ್ತಿದ್ದ. ಕಿತ್ತು ಮತ್ತೆ ಹಾಕುತ್ತಿದ್ದ. ಬೇಕೆಂದೇ ತಿರುಗಾಮುರುಗಾ ಹಾಕುತ್ತಿದ್ದ. ಮೇಜು ಮುಗಿದರೆ ಅವ್ವನೂ ಮುಗಿದಳು ಎಂದು ಅವನಿಗೆ ಭಯ.

ಎಷ್ಟು ಉಜ್ಜಿದರೂ ಒಂದು ದಿನ ಹಲಗೆ ನುಣುಪಾಗಲೇಬೇಕು. ಮೇಜು ಮುಗಿಯಿತು. ನಾಲ್ಕು ಕಾಲು ಒಳಕ್ಕೆ ಮಡಿಸಿಕೊಳ್ಳುತ್ತಿದ್ದವು. ಮೇಲೆ ತೋಟಾ ನಿಲ್ಲಿಸಲು ಒಂದು ಗುಳಿ, ಮದ್ದು ಒತ್ತಲು ಒಂದು ಹಿಡಿ. ಅರಮನೆಯಿಂದ ಕೋವಿ, ಖಾಲಿ ತೋಟಾ ತಂದ. ಅಂಗಳದಲ್ಲಿ ಮೇಜು ಬಿಚ್ಚಿದ, ತೋಟಾ ತುಂಬಿದ, ಕೋವಿಗೆ ಹಾಕಿ ಹಾರಿಸಿದ. ಢಂ!

ಕೂಡಲೇ ಮೇಜು ನಾಲ್ಕೂ ಕಾಲು ಮಡಿಸಿಕೊಂಡು ಮಲಗಿತು.

“ಏಳು. ಇನ್ನೊಂದು ಬಾಕಿಯಿದೆ,” ಅಂದ ಮೌನಾಚಾರಿ.

“ನನಗೆ ಒಂದೇ ಗೊತ್ತು,” ಅಂದಿತು ಮೇಜು. “ನಾನು ತೊಟ್ಟಿಲ ಹಲಗೆ. ನೀನು ಹುಟ್ಟಿದಾಗ ಒಂದು ಕೇಳಿದೆ. ಎರಡು ಅಂದರೆ ಏನು?”

ಅಷ್ಟರಲ್ಲಿ ದೊರೆ ಏದುಸಿರು ಬಿಡುತ್ತಾ ಬಂದ. ಕೈ ಇನ್ನೂ ಕಿವಿಯಲ್ಲೇ ಇತ್ತು.

“ನನ್ನ ಕಿವಿಗೆ ಬಿದ್ದದ್ದು ಒಂದು. ಈ ಮನೆಯಲ್ಲಿ ಮಗು ಹುಟ್ಟಿದೆ. ಎಲ್ಲಿ?”

ಅಲ್ಲಿದ್ದದ್ದು ಕಾಳಮ್ಮಜ್ಜಿ ಒಬ್ಬಳೇ. ದೊರೆ ಅವಳ ಬಾಯಿ ತೆರೆಸಿ ನೋಡಿದ. “ಹಲ್ಲಿಲ್ಲ. ನಡೆಯುತ್ತಾಳೋ?”

“ಇಲ್ಲ ಬುದ್ಧಿ,” ಅಂದ ಮೌನಾಚಾರಿ.

“ಹಾಗಾದರೆ ಕೂಸೇ. ಪುಟ್ಟಿ ಎಂದು ಹೆಸರಿಡಿ.” ಹೇಳಿ ಹೋದ.

ಕಾಳಮ್ಮಜ್ಜಿ ಯಾವತ್ತೂ ಕಟ್ಟಳೆ ಮೀರಿದವಳಲ್ಲ. ಈಗ ಹುಟ್ಟಿದ ಕೂಸು ಮಾತಾಡಬಾರದು, ಯಾರ ಗುರುತೂ ಹಿಡಿಯಬಾರದು. ಅವತ್ತಿನಿಂದ ಅವಳು ಮಾತಾಡಲಿಲ್ಲ. ಮಗನನ್ನು ಯಾರೋ ದಾರಿಹೋಕನನ್ನು ನೋಡುವಂತೆ ನೋಡಿದಳು. ಮೌನಾಚಾರಿ ರಾಗಿ ಗಂಜಿ ಕಾಯಿಸಿ ಕುಡಿಸಿದ. ತಲೆ ಬಾಚಿದ. ಅವ್ವ ಹೋಗಲಿಲ್ಲವಲ್ಲ ಎಂದು ಮೊದಮೊದಲು ಹಿಗ್ಗಿದ. ಆದರೆ ಆ ಮನೆಯಲ್ಲಿ ಅವನನ್ನು ‘ಮಗ’ ಎಂದು ಕರೆಯುವವರು ಯಾರೂ ಇರಲಿಲ್ಲ. ಅವ್ವ ಎದುರಿಗೇ ಇದ್ದಾಳೆ, ಅವನು ತಬ್ಬಲಿ. ಸಂಕಟವೆಂದರೆ ಅದು.

ಒಂದು ಬೆಳಗ್ಗೆ ಗಂಜಿ ಕುಡಿಸುವಾಗ ಅವಳು ಎಲೆಅಡಿಕೆ ಚೀಲವನ್ನು ಮುಷ್ಟಿಯಲ್ಲಿ ಹಿಡಿದು ಅತ್ತಳು. ಅಳುವುದಕ್ಕೆ ಕೂಸಿಗೆ ಅಪ್ಪಣೆ ಉಂಟು. ಮೌನಾಚಾರಿ ಬಟ್ಟಲು ಕೆಳಗಿಟ್ಟ. ಅರಮನೆಗೆ ಹೋಗಿ ಮತ್ತೆ ಕೋವಿ, ತೋಟಾ ತಂದ. ಮೇಜನ್ನು ಅಂಗಳಕ್ಕೆ ತಂದು ಬಿಚ್ಚಿದ.

ಮಡಿಸಿದರೆ ಮೇಜಿಗೆ ಹಿಂದಿನದೆಲ್ಲ ಮರೆತುಹೋಗುತ್ತಿತ್ತು. “ಒಂದಾ?” ಎಂದು ಕೇಳಿತು.

“ಒಂದು,” ಅಂದ.

ಅದು ಸುಮ್ಮನೆ ನಿಂತಿತು. ಅವನು ಮದ್ದು ತುಂಬತೊಡಗಿದ.

“ಮಗ.”

ಅವನ ಕೈ ನಿಂತಿತು. ಕಾಳಮ್ಮಜ್ಜಿ ಕಟ್ಟಳೆ ಮೀರಿದ್ದಳು.

“ಇನ್ನೊಂದ್ಸಾರಿ ಬಿಚ್ಚಿದ್ರೆ ಆಯ್ತದೆ ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತವ್ವ.”

“ಆವತ್ತೇ?”

“ಆವತ್ತೇ.”

“ನಂಗೂ ಗೊತ್ತಿತ್ತು. ನೀನು ಬೇಕಂತ್ಲೇ ಬಿಜಾಗರಿ ತಿರುಗಾಮುರುಗಾ ಹಾಕ್ದಾಗ ಪಕ್ಕದಾಗೇ ಕೂತಿರ್ನಿಲ್ವಾ? ಅದಕ್ಕೇ ಬಾಯಿ ಬಿಡ್ನಿಲ್ಲ.” ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಸಾಕು ಇನ್ನು. ಹೊತ್ತೊತ್ತಿಗೆ ಉಣ್ಣು ಕಣಪ್ಪ.”

ಢಂ!

ಉಪ್ಪರಿಗೆಯಲ್ಲಿ ದೊರೆ ಬೆರಳು ಮಡಿಸಿದ. ಆ ಮನೆಯಿಂದ ಅವತ್ತು ಒಂದು, ಇವತ್ತು ಒಂದು. ಎರಡು. ಕಾಳಮ್ಮಜ್ಜಿ ಮಗ್ಗುಲಾದಳು. ಎಷ್ಟೋ ವರ್ಷದ ಮೇಲೆ ಮಂಡಿಯನ್ನು ನೋವಿಲ್ಲದೆ ಮಡಿಸಿಕೊಂಡಳು.

ಮೌನಾಚಾರಿ ಅವಳನ್ನು ಹೆಗಲ ಮೇಲೆ ಹೊತ್ತು ಹೋದ.

ಆಮೇಲೆ ಆ ಮೇಜು ಮನೆಯಿಂದ ಮನೆಗೆ ತಿರುಗಿತು. ಹುಟ್ಟಿದ ಮನೆಯಲ್ಲಿ ಒಮ್ಮೆ ಬಿಚ್ಚುತ್ತಾರೆ. ಸತ್ತ ಮನೆಯಲ್ಲಿ ಬಿಚ್ಚಿ, ಮಡಿಸಿ, ಮತ್ತೆ ಬಿಚ್ಚುತ್ತಾರೆ. ಆ ಮಡಿಸಿದ ಹೊತ್ತಿನಲ್ಲಿ ಹೇಳದೆ ಉಳಿದದ್ದನ್ನೆಲ್ಲ ಹೇಳಿಕೊಳ್ಳಬೇಕು, ಅದೇ ಈಗ ಕಟ್ಟಳೆ. ಮತ್ತೆ ಬಿಚ್ಚಲು ಆ ಊರಿನಲ್ಲಿ ಯಾರೂ ಅವಸರ ಮಾಡುವುದಿಲ್ಲ.

ನೀತಿ ಬೇಕೇ? ತೊಟ್ಟಿಲ ಹಲಗೆಗೆ ಲೆಕ್ಕ ಕಲಿಸಬೇಡಿ. ಕತೆಯ ಕಾಲು ನಾಲ್ಕೂ ಮಡಿಸಿದೆ, ಗೋಡೆಗೆ ಒರಗಿಸಿದೆ. ಅವ್ವ ಇದ್ದವರು ಎದ್ದು ಮನೆಗೆ ಹೋಗಿ. ಇಲ್ಲದವರು ಬೆಂಕಿಯ ಹತ್ತಿರಕ್ಕೆ ಬನ್ನಿ.