ಕುಕ್ಕರಿನ ಇಂಗ್ಲಿಷು

ಒಂದು ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆದಾಗಲೆಲ್ಲ ಪಕ್ಕದ ಮಸಿಬಟ್ಟೆಯ ಮುಖಕ್ಕೆ ಕುದಿಯುವ ಬೇಳೆನೀರು ಉಗುಳುತ್ತಿತ್ತು. ಆ ಗಲೀಜನ್ನು ಒರೆಸುವ ಕೆಲಸವೂ ಮಸಿಬಟ್ಟೆಯದೇ.

ಒಂದು ಬೆಳಗ್ಗೆ ಅದು ತಡೆಯಲಾರದೆ ಕೇಳಿಯೇಬಿಟ್ಟಿತು: "ಅಲ್ಲ ಸ್ವಾಮಿ, ನನ್ನ ಮೇಲೆ ನಿಮಗೇಕೆ ಇಷ್ಟು ಸಿಟ್ಟು?"

"ಸಿಟ್ಟೇ? ಛೀ, ಗಮಾರನ ಹಾಗೆ ಮಾತಾಡಬೇಡ," ಎಂದಿತು ಕುಕ್ಕರ್. "ಒಳಗಿನ ಹಬೆ ಹೊರಗೆ ಬಿಟ್ಟು ಹಗುರಾಗುವುದು; ಇದಕ್ಕೆ ಇಂಗ್ಲಿಷಿನಲ್ಲಿ 'ಲೆಟಿಂಗ್ ಆಫ್ ಸ್ಟೀಮ್' ಅನ್ನುತ್ತಾರೆ. ಆರೋಗ್ಯಕ್ಕೆ ಒಳ್ಳೆಯದು."

"ಮೊನ್ನೆ ಹಾಲು ಉಕ್ಕಿದಾಗ ಮಾತ್ರ ಅದನ್ನು ಮುಂಗೋಪಿ ಎಂದು ಜರೆದಿರಲ್ಲ?"

"ಹಾಲಿಗೆ ಇಂಗ್ಲಿಷ್ ಬರುತ್ತದೆಯೇ?"

ಮಸಿಬಟ್ಟೆ ತನ್ನ ಮುಖವನ್ನು ತಾನೇ ಒರೆಸಿಕೊಂಡಿತು.

ಅಷ್ಟರಲ್ಲಿ ಮನೆಯೊಡತಿ ದಡಬಡಿಸಿ ಬಂದಳು. ಕುಕ್ಕರ್ ತಾನಾಗಿ ಆರುವವರೆಗೆ ಕಾಯಲು ಅವಳಿಗೆ ಪುರಸೊತ್ತಿರಲಿಲ್ಲ. ಮಸಿಬಟ್ಟೆಯಿಂದ ಅದರ ಕಿವಿ ಹಿಡಿದೆತ್ತಿ, ನಲ್ಲಿಯ ಕೆಳಗೆ ಕುಕ್ಕಿ, ನೆತ್ತಿಯ ಮೇಲೆ ತಣ್ಣೀರು ಬಿಟ್ಟಳು. ಅಷ್ಟು ಹೊತ್ತು ಮನೆಯೆಲ್ಲ ಕೇಳುವಂತೆ ಕೂಗುತ್ತಿದ್ದ ಕುಕ್ಕರ್ 'ಸುಂಯ್' ಎಂದು ಒಮ್ಮೆ ಮುಲುಗಿ ಬಾಯಿ ಮುಚ್ಚಿಕೊಂಡಿತು. ಒಂದು ಹನಿಯೂ ಹೊರಗೆ ಹಾರಲಿಲ್ಲ.

ಇನ್ನೂ ಅದರ ಕಿವಿಯಲ್ಲೇ ಇದ್ದ ಮಸಿಬಟ್ಟೆ ಮೆಲ್ಲಗೆ ಕೇಳಿತು: "ಯಾಕೆ ಸ್ವಾಮಿ, ಅಮ್ಮಾವ್ರ ಮುಂದೆ ಇಂಗ್ಲಿಷ್ ಮರೆತುಹೋಯಿತೇ?"