ನೆಲದ ಸಾಲಿನ ಹಮಾಲ

“ಗುರುಗಳೇ, ಆ ಬುಟ್ಟಿ ಹೆಣೆಯುವ ಅಜ್ಜಿ ಪ್ರವಚನದ ನಡುವೆ ಬಾಯಿ ಹಾಕುತ್ತಾಳೆ. ಅವಳನ್ನು ಒಳಗೆ ಬಿಡದಿದ್ದರೆ ತಪ್ಪೇ?” ಎಂದು ಶಿಷ್ಯ ಕೇಳಿದ.

ಅಂದು ಪ್ರವಚನ ಎಂದಿಗಿಂತ ಬೇಗ ಮುಗಿದಿತ್ತು. ಗುರುಗಳು ಪೀಠದಿಂದ ಇಳಿದು ಅವನ ಪಕ್ಕದಲ್ಲೇ ಕೂತು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಪೇಟೆಯ ನಟ್ಟನಡುವೆ ಟಾಕೀಸು ಕಟ್ಟಿಸಿದ. ಅಂಥ ಟಾಕೀಸು ಸುತ್ತ ಏಳು ಹೋಬಳಿಯಲ್ಲಿ ಇರಲಿಲ್ಲ. ಮೇಲೆ ಬಾಲ್ಕನಿ, ಕೆಳಗೆ ಬೆಂಚು, ಪರದೆಯ ಮುಂದೆ ಬರೀ ನೆಲ. ನೆಲದವರು ಕೂರಲು ಗೋಣಿಚೀಲ ತಾವೇ ತರಬೇಕು. ಜನ ಹಳ್ಳಿಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದರು. ಬಸ್ಸಿನ ಕಂಡಕ್ಟರು ಊರಿನ ಹೆಸರು ಬಿಟ್ಟು ‘ಟಾಕೀಸು, ಟಾಕೀಸು’ ಎಂದೇ ಕೂಗತೊಡಗಿದ. ವ್ಯಾಪಾರಿಯ ಎದೆ ಉಬ್ಬಿತು.

ನೆಲದಲ್ಲಿ ಒಬ್ಬ ಹಮಾಲ ಕೂರುತ್ತಿದ್ದ. ಈರುಳ್ಳಿ ಮಂಡಿಯಲ್ಲಿ ಮೂಟೆ ಹೊತ್ತು, ಅದೇ ಬೆವರಿನಲ್ಲಿ ಬರುತ್ತಿದ್ದ. ಅವನು ಪರದೆಯ ಜೊತೆ ಮಾತಾಡುತ್ತಿದ್ದ. ನಾಯಕಿ ಕತ್ತಲ ಕೋಣೆಗೆ ಕಾಲಿಟ್ಟರೆ, “ಹೋಗಬೇಡ ಕಣವ್ವಾ, ಬಾಗಿಲ ಹಿಂದೆ ನಿಂತವ್ನೆ!” ಎಂದು ಕೂಗುತ್ತಿದ್ದ. ನೆಲ ನಗುತ್ತಿತ್ತು, ಬೆಂಚು ನಗುತ್ತಿತ್ತು, ಬಾಲ್ಕನಿಯೂ ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿತ್ತು. ಆ ನಗು ಕೇಳಲೆಂದೇ ವ್ಯಾಪಾರಿ ದಿನವೂ ಪಕ್ಕದ ಬಾಗಿಲಲ್ಲಿ ನಿಲ್ಲುತ್ತಿದ್ದ.

ಒಂದು ದಿನ ಬಾಲ್ಕನಿಯ ದೊಡ್ಡ ಮನುಷ್ಯರೊಬ್ಬರು, “ಇದೇನ್ರೀ, ಟಾಕೀಸೋ ಸಂತೆಯೋ?” ಎಂದರು. ವ್ಯಾಪಾರಿಯ ಮುಖ ಸಣ್ಣದಾಯಿತು. ಹೋಗಿ ಹಮಾಲನ ರಟ್ಟೆ ಹಿಡಿದು ಎಬ್ಬಿಸಿದ.

“ಎಲ್ಲರ ಹಾಗೆ ಸುಮ್ಮನೆ ಕೂತು ನೋಡೋಕೆ ಏನೋ ರೋಗ ನಿನಗೆ?”

“ಸುಮ್ಮನೆ ಕೂರೋದಾದ್ರೆ ಮನೇಲೇ ಕೂರ್ತಿದ್ದೆ, ಧಣಿ” ಎಂದ ಹಮಾಲ. ಗೋಣಿಚೀಲ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ವ್ಯಾಪಾರಿ ನೆಲದ ಜಾಗಕ್ಕೆಲ್ಲ ಮೆತ್ತನೆ ಕುರ್ಚಿ ಹಾಕಿಸಿದ. ಜನ ಬಂದರು, ನೋಡಿದರು, ಹೋದರು. ಪಕ್ಕದ ಬಾಗಿಲಲ್ಲಿ ನಿಂತವನಿಗೆ ಫ್ಯಾನಿನ ಸದ್ದು ಮಾತ್ರ ಕೇಳಿತು. ಕೆಲವು ವರ್ಷಕ್ಕೆ ಮನೆಮನೆಗೆ ಟೀವಿ ಬಂತು. ಸುಮ್ಮನೆ ಕೂರಲು ಮನೆಯೇ ಸಾಕೆಂದು ಮೊದಲು ಬಿಟ್ಟವರು ಬಾಲ್ಕನಿಯವರೇ. ಆಮೇಲೆ ಬೆಂಚು ಖಾಲಿಯಾಯಿತು. ಕಡೆಗೆ ಕುರ್ಚಿಗಳನ್ನು ಕಿತ್ತು ಟಾಕೀಸನ್ನು ಈರುಳ್ಳಿ ಗೋದಾಮು ಮಾಡಿದರು.

ಒಂದು ಮಧ್ಯಾಹ್ನ ವ್ಯಾಪಾರಿ ಹಳೇ ಅಭ್ಯಾಸದಂತೆ ಪಕ್ಕದ ಬಾಗಿಲಲ್ಲಿ ನಿಂತಿದ್ದ. ಅದೇ ಹಮಾಲ ಮೂಟೆ ಹೊತ್ತು ಒಳಗೆ ಬಂದ. ತಲೆ ಪೂರ್ತಿ ನರೆತಿತ್ತು. ತಾನು ಕೂರುತ್ತಿದ್ದ ಜಾಗದಲ್ಲೇ ಮೂಟೆ ಇಳಿಸಿ, ಪರದೆಯಿದ್ದ ಬೋಳು ಗೋಡೆಯನ್ನು ಒಂದು ಗಳಿಗೆ ನೋಡಿದ.

“ಏನಾದ್ರೂ ಮಾತಾಡೋ” ಎಂದ ವ್ಯಾಪಾರಿ.

“ಯಾರ ಹತ್ರ, ಧಣಿ?” ಎಂದ ಹಮಾಲ. ಇನ್ನೊಂದು ಮೂಟೆ ತರಲು ಹೋದ.

ಹೊರಗೆ ರಸ್ತೆಯಲ್ಲಿ ಕಂಡಕ್ಟರು ಇನ್ನೂ ‘ಟಾಕೀಸು, ಟಾಕೀಸು’ ಎಂದು ಕೂಗುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮೆಲ್ಲಗೆ, “ಹಾಗಾದರೆ ಅಜ್ಜಿಯನ್ನು ಒಳಗೆ ಬಿಡಲೇ?” ಎಂದ.

“ಬೆಳಿಗ್ಗೆಯೇ ಅವಳನ್ನು ಬಾಗಿಲಿಂದ ವಾಪಸು ಕಳಿಸಿದ್ದೀಯಲ್ಲ, ಇವತ್ತು ನನ್ನ ಮಾತು ಅರ್ಧಕ್ಕೇ ಯಾಕೆ ನಿಂತಿತು ಅಂದುಕೊಂಡಿದ್ದೀಯ?”